ಶನಿವಾರದ ಬಾಳೆಹಣ್ಣು

ಮಲ್ಲೇಶ್ವರದ ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಕಾಯಿಲೆಯ ಹೆಸರಿನಿಂದ ಶುರು ಮಾಡುತ್ತೇನೆ. ಮಕ್ಕಳಿಗೆ ಕಿವಿಯ ಕೆಳಗೆ, ದವಡೆಯ ಪಕ್ಕ ಊದಿಕೊಳ್ಳುತ್ತದಲ್ಲ, ಅದಕ್ಕೆ ನಾವು ಮಂಗನಬಾವು ಅನ್ನುತ್ತೇವೆ. ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲಿ ಬಂದಿರಬೇಕು. ಯಾಕೆ ಆ ಹೆಸರು? ಕೋತಿಯ ಕೆನ್ನೆಯೊಳಗೆ ಎರಡೂ ಕಡೆ ಚೀಲ ಇರುತ್ತದೆ. ಕಡಲೆಕಾಯಿ ಸಿಕ್ಕರೆ ಅದು ಅಲ್ಲೇ ಕೂತು ಅಗಿಯುವುದಿಲ್ಲ. ಬೇರೆ ಕೋತಿ ಬಂದು ಕಿತ್ತುಕೊಳ್ಳುವ ಮೊದಲು ಗಬಗಬ ಕೆನ್ನೆಗೆ ತುಂಬಿಕೊಂಡು, ಮರ ಹತ್ತಿ, ಆಮೇಲೆ ನಿಧಾನವಾಗಿ ತಿನ್ನುತ್ತದೆ. ಆಗ ಅದರ ಮುಖ ನೋಡಿ. ಥೇಟ್ ಮಂಗನಬಾವು ಬಂದ ಮಗು. ಆ ಹೆಸರಿಟ್ಟ ಹಿರಿಯರು ಯಾರೋ ಏನೋ, ಕೋತಿಯನ್ನು ಹತ್ತಿರದಿಂದ, ಬಹಳ ಹೊತ್ತು ನೋಡಿದವರು.

ಹಾಗೆ ನೋಡಿದ್ದರಿಂದಲೇ ನಮ್ಮಲ್ಲಿ ಒಂದೊಂದಕ್ಕೂ ಬೇರೆ ಹೆಸರಿದೆ. ನಮ್ಮ ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆಯುವುದು ಕೋತಿ. ಅದರ ನೆತ್ತಿಯ ಕೂದಲು ಟೋಪಿ ಇಟ್ಟ ಹಾಗೆ ಸುತ್ತಲೂ ಹರಡಿರುತ್ತದೆ. ಕರಿ ಮುಖ, ಬೂದು ಮೈ, ಉದ್ದ ಬಾಲದ್ದು ಮುಸುವ. ಮುಖದ ಸುತ್ತ ಬಿಳಿಚು ಕೇಸರ ಇರುವ, ಪಶ್ಚಿಮ ಘಟ್ಟದ ಕಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ್ದು ಸಿಂಗಳೀಕ. ಧಾರವಾಡದ ಕಡೆ ಹೋದರೆ ಕೋತಿಯೇ ಮಂಗ್ಯಾ. ರಾತ್ರಿ ಹೊತ್ತು ಓಡಾಡುವ, ದೊಡ್ಡ ಕಣ್ಣಿನ ಕಾಡುಪಾಪ ಕೋತಿಯಲ್ಲ, ದೂರದ ನೆಂಟ. ಅದು ಇಲ್ಲೇ ಹತ್ತಿರ, ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಇನ್ನೂ ಬದುಕಿದೆ. ಎಷ್ಟು ಜನಕ್ಕೆ ಗೊತ್ತು?

ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಬಾಲ್ಕನಿಯಿಂದ.

ನಮ್ಮ ಅಮ್ಮ ಪ್ರತಿ ಶನಿವಾರ ಆಂಜನೇಯನಿಗೆ ದೀಪ ಹಚ್ಚಿ, ಬಾಲ್ಕನಿಯ ಕಟ್ಟೆಯ ಮೇಲೆ ಎರಡು ಬಾಳೆಹಣ್ಣು ಇಡುತ್ತಿದ್ದರು. ಹಿಂದಿನ ಕನ್ಸರ್ವೆನ್ಸಿ ಗಲ್ಲಿಯ ಅತ್ತಿಮರದಿಂದ ಒಂದು ಹೆಣ್ಣು ಕೋತಿ, ಹೊಟ್ಟೆಗೆ ಮರಿ ಕಟ್ಟಿಕೊಂಡು ಬರುತ್ತಿತ್ತು. ಅಮ್ಮನಿಗೆ ಅದು ಸ್ವಾಮಿಯೇ ಬಂದ ಹಾಗೆ. ಆರು ತಿಂಗಳಲ್ಲಿ ಹಿಂಡೇ ಬರಲು ಶುರುವಾಯಿತು. ಶನಿವಾರ ಮಾತ್ರ ಅಲ್ಲ, ದಿನಾ. ಹಣ್ಣು ಇಲ್ಲದ ದಿನ ಬಾಗಿಲು ಬಡಿಯುತ್ತಿದ್ದವು. ಒಂದು ಮಧ್ಯಾಹ್ನ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲು ತೆಗೆದು ಕೂತಿದ್ದವು. ಆಮೇಲೆ ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಎದುರಿಗೆ ಬಂದ ಗಂಡು ಕೋತಿಯ ಕಣ್ಣನ್ನೇ ನೋಡಿ ನಕ್ಕಳು. ಮಗು ಅಲ್ವಾ, ಪ್ರೀತಿಯಿಂದ ನಕ್ಕಿತು. ಆದರೆ ಕೋತಿಗಳ ಲೆಕ್ಕದಲ್ಲಿ ಕಣ್ಣಿಗೆ ಕಣ್ಣಿಟ್ಟು ನೋಡುವುದು ಜಗಳಕ್ಕೆ ಕರೆದ ಹಾಗೆ. ಸದ್ದಿಲ್ಲದೆ ಹಲ್ಲು ಕಿರಿಯುವುದು ಭಯದ ಗುರುತು. ಹೆದರಿರುವವರ ಕೈಯಿಂದ ಕಿತ್ತುಕೊಳ್ಳಬಹುದು. ಅದು ಕಿತ್ತುಕೊಂಡಿತು, ಅವಳು ಬಿಡಲಿಲ್ಲ, ಅದು ಕಚ್ಚಿತು. ಐದು ಹೊಲಿಗೆ, ರೇಬೀಸ್ ಲಸಿಕೆಯ ಅಷ್ಟೂ ಸೂಜಿ.

ಅಕ್ಕಪಕ್ಕದವರು ಸೇರಿ ಕೋತಿ ಹಿಡಿಯುವವರನ್ನು ಕರೆಸಿದರು. ಅವರು ತಂದ ಬೋನಿನೊಳಗೆ ಇಟ್ಟದ್ದೂ ಬಾಳೆಹಣ್ಣೇ. ಮೊದಲು ಒಳಗೆ ಹೋದದ್ದು ಅಮ್ಮನ ಕೋತಿ. ಅದಕ್ಕೆ ಆ ಹಣ್ಣಿನ ಮೇಲೆ ಅಷ್ಟು ನಂಬಿಕೆ. ಬೋನಿನ ಬಾಗಿಲು ಬಿದ್ದಾಗ ಮರಿ ಅದರ ಹೊಟ್ಟೆಯ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ಮೇಲುಕೋಟೆಯ ಕಡೆಯ ಹಿರಿಯರು ಮರ್ಕಟ ಕಿಶೋರ ನ್ಯಾಯ ಅಂತ ಹೇಳುವುದನ್ನು ಕೇಳಿದ್ದೆ. ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುತ್ತದೆ, ಕೋತಿಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿಯಬೇಕು, ಭಕ್ತಿಯಲ್ಲೂ ಈ ಎರಡು ದಾರಿ ಇದೆ ಅಂತ. ಆ ಮಾತು ಅವತ್ತು ನನಗೆ ಕಣ್ಣೆದುರು ಕಂಡಿತು. ಬೋನನ್ನು ಟೆಂಪೋಗೆ ಹಾಕಿಕೊಂಡು ರಾತ್ರಿ ಎಲ್ಲೋ ಕಾಡಂಚಿನಲ್ಲಿ ಬಿಟ್ಟು ಬಂದರು. ಅಮ್ಮ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ನಾನೇ ಕೊಟ್ಟು ಅಭ್ಯಾಸ ಮಾಡಿಸಿದ್ದು, ನಾನೇ ಹಿಡಿಸಿಕೊಟ್ಟೆ" ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಎಲ್ಲೆಲ್ಲಿ ಕೋತಿಯೂ ಮನುಷ್ಯನೂ ಒಟ್ಟಿಗೆ ಬದುಕಿದ್ದಾರೋ ಅಲ್ಲೆಲ್ಲ ಇದೇ ಕತೆ ಇರಬಹುದಾ ಅಂತ ಓದತೊಡಗಿದೆ. ನನಗೆ ಕಂಡದ್ದು ಇಷ್ಟು: ಕೋತಿ ನಮ್ಮನ್ನು ಸದಾ ಓದುತ್ತಿರುತ್ತದೆ. ನಾವು ಮಾಡಿದ್ದಕ್ಕೆ ಅದು ಉತ್ತರ ಕೊಡುತ್ತದೆ.

ಬಂಡೀಪುರದ ಉದಾಹರಣೆ ಕೇಳಿ. ಮೈಸೂರಿನಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆಯುವವರನ್ನು ನೀವೂ ನೋಡಿರುತ್ತೀರಿ. ಅಲ್ಲಿನ ಕೋತಿಗಳನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ಗಮನಿಸಿ 2018ರಲ್ಲಿ ಬರೆದರು. ಕೋತಿಗಳು ಸಾಮಾನ್ಯವಾಗಿ ತಮ್ಮ ತಮ್ಮಲ್ಲೇ ಸಂಪರ್ಕಕ್ಕೆ 'ಕೂ' ಅಂತ ಒಂದು ಮೆಲುದನಿ ಹೊರಡಿಸುತ್ತವೆ. ಬಂಡೀಪುರದಲ್ಲಿ ಅದೇ ದನಿಯನ್ನು ಅವು ಮನುಷ್ಯರ ಕಡೆ ತಿರುಗಿಸಿದ್ದವು. ತಿಂಡಿ ಹಿಡಿದವರ ಎದುರು ಕೈ ಚಾಚಿ, 'ಕೂ' ಅನ್ನುತ್ತಿದ್ದವು. ಅದೂ ಸುಮ್ನೆ ಅಲ್ಲ, ನಾವು ತಮ್ಮ ಕಡೆ ನೋಡುತ್ತಿದ್ದೇವಾ ಇಲ್ಲವಾ ಅಂತ ಗಮನಿಸಿ. ಕಾಡಿನಲ್ಲಿ ಕೋತಿ ಕೋತಿಗೆ ಹೀಗೆ ಕೈ ಚಾಚುವುದಿಲ್ಲ. ನಮಗಾಗಿಯೇ ಅವು ಒಂದು ಹೊಸ ಮಾತು ಕಟ್ಟಿಕೊಂಡಿವೆ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಎರಡು ಜೀವಿಗಳ ನಡುವೆ ಹೊಸ ಮಾತು ಹುಟ್ಟುವುದು ಎಂಥ ಅಪರೂಪ! ಆದರೆ ನಾವು ಕಲಿಸಿದ ಮಾತು 'ಕೊಡು' ಅನ್ನುವುದೊಂದೇ. ಅದೂ ಲಾರಿ, ಬಸ್ಸು ಓಡುವ ರಸ್ತೆಯ ಅಂಚಿನಲ್ಲಿ.

ಜಪಾನಿನ ಕೋಶಿಮಾ ಎಂಬ ಪುಟ್ಟ ದ್ವೀಪದಲ್ಲಿ ಸಂಶೋಧಕರು ಕೋತಿಗಳಿಗೆ ಗೆಣಸು ಹಾಕುತ್ತಿದ್ದರು. 1953ರಲ್ಲಿ ಇಮೋ ಎಂಬ ಎಳೆಯ ಹೆಣ್ಣು ಕೋತಿ ಮರಳು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ಅದರ ಜೊತೆಗಾರರು ಕಲಿತರು, ತಾಯಿ ಕಲಿತಳು, ನಿಧಾನಕ್ಕೆ ಹಿಂಡಿನ ಬಹುಪಾಲು ಕಲಿಯಿತು. ದೊಡ್ಡ ವಯಸ್ಸಿನ ಗಂಡುಗಳು ಮಾತ್ರ ಕಲಿಯಲಿಲ್ಲ. ಒಂದರಿಂದ ಒಂದಕ್ಕೆ ದಾಟಿ ಬರುವ ನಡವಳಿಕೆ ಮನುಷ್ಯರಿಗೆ ಮಾತ್ರ ಸೇರಿದ್ದಲ್ಲ ಅನ್ನುವುದಕ್ಕೆ ಇಮೋ ಇವತ್ತಿಗೂ ಉದಾಹರಣೆ. ಬಾಲಿ ದ್ವೀಪದ ಉಲುವಾಟು ಗುಡಿಯ ಕೋತಿಗಳು ಕಲಿತದ್ದು ಬೇರೆ. ಅವು ಪ್ರವಾಸಿಗಳ ಕನ್ನಡಕ, ಫೋನು ಕಸಿಯುತ್ತವೆ. ಗುಡಿಯವರು ತಿಂಡಿ ಕೊಟ್ಟರೆ ವಾಪಸ್ ಕೊಡುತ್ತವೆ. ಯಾವ ವಸ್ತುವಿಗೆ ಮನುಷ್ಯರು ಜಾಸ್ತಿ ಬೆಲೆ ಕೊಡುತ್ತಾರೆ ಅನ್ನುವುದು ವಯಸ್ಕ ಕೋತಿಗಳಿಗೆ ಗೊತ್ತು, ಅದಕ್ಕೆ ಅವು ಹೆಚ್ಚು ತಿಂಡಿ ಕೇಳುತ್ತವೆ ಅಂತ 2021ರ ಅಧ್ಯಯನ ಹೇಳಿತು. ಥಾಯ್ಲೆಂಡಿನ ಲೋಪ್‌ಬುರಿ ಪಟ್ಟಣದಲ್ಲಿ ನವೆಂಬರ್ ಬಂದರೆ ಕೋತಿಗಳಿಗೆ ಹಣ್ಣಿನ ಹಬ್ಬ ಮಾಡುತ್ತಿದ್ದರು. 2020ರಲ್ಲಿ ಕೊರೋನಾದಿಂದ ಪ್ರವಾಸಿಗಳು ನಿಂತುಹೋದರು. ಹಸಿದ ಹಿಂಡುಗಳು ನಡುರಸ್ತೆಯಲ್ಲಿ ಕಾದಾಡಿದವು. 2024ರಲ್ಲಿ ಅಲ್ಲೂ ಬೋನು ಬಂತು. ನಮ್ಮ ಬಾಲ್ಕನಿಯ ಕತೆಯೇ, ಒಂದು ಪಟ್ಟಣದಷ್ಟು ದೊಡ್ಡದಾಗಿ.

ಪೂಜೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಮುಟ್ಟದೆ ನಮ್ಮ ದೇಶದಲ್ಲಿ ಕೋತಿಯ ಮಾತಾಡಲು ಆಗುವುದಿಲ್ಲ.

ಈಜಿಪ್ಟಿನವರಿಗೆ ಬರವಣಿಗೆಯ, ಅರಿವಿನ ದೇವರು ಥೋತ್. ಅವನನ್ನು ಬಬೂನ್ ರೂಪದಲ್ಲೂ ಪೂಜಿಸುತ್ತಿದ್ದರು. ಬಬೂನ್ ಅಂದರೆ ಆಫ್ರಿಕಾದ ದೊಡ್ಡ ಮೂತಿಯ ಕೋತಿ. ಅಬು ಸಿಂಬೆಲ್ ಗುಡಿಯ ನೆತ್ತಿಯಲ್ಲಿ, ಹುಟ್ಟುವ ಸೂರ್ಯನಿಗೆ ಕೈಯೆತ್ತಿದ ಬಬೂನ್‌ಗಳ ಸಾಲು ಇವತ್ತಿಗೂ ಇದೆ. ಆದರೆ ಈಜಿಪ್ಟಿನಲ್ಲಿ ಬಬೂನ್ ಕಾಡುಪ್ರಾಣಿಯಾಗಿ ಇರಲೇ ಇಲ್ಲ. ದಕ್ಷಿಣದಿಂದ, ಕೆಂಪು ಸಮುದ್ರದ ದಾರಿಯಲ್ಲಿ ಹಿಡಿದು ತರಿಸುತ್ತಿದ್ದರು. ಲಕ್ಸರ್ ಬಳಿ ಸಿಕ್ಕ ಬಬೂನ್ ಮಮ್ಮಿಗಳ ಎಲುಬುಗಳನ್ನು ಪರೀಕ್ಷಿಸಿದವರು 2023ರಲ್ಲಿ ಬರೆದದ್ದು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಹೆಚ್ಚಿನವುಗಳ ಎಲುಬು ಬಾಗಿತ್ತು. ಸರಿಯಾದ ಆಹಾರ ಇಲ್ಲ, ಬಿಸಿಲು ಇಲ್ಲ. ಸೂರ್ಯನನ್ನು ಸ್ವಾಗತಿಸುವ ದೇವರು ಅಂತ ಪೂಜಿಸಿದ ಪ್ರಾಣಿಯನ್ನು ಸೂರ್ಯ ಕಾಣದ ಕಡೆ ಕೂಡಿಟ್ಟಿದ್ದರು.

ನಮ್ಮ ಹನುಮ ಬೇರೆ. ಅವನು ಕಟ್ಟಿಹಾಕಿದ ದೇವರಲ್ಲ, ಹಾರಿದ ದೇವರು. ಹಂಪಿ ಪಕ್ಕದ ಆನೆಗೊಂದಿಯೇ ಕಿಷ್ಕಿಂಧೆ, ಅಂಜನಾದ್ರಿಯೇ ಅವನು ಹುಟ್ಟಿದ ಬೆಟ್ಟ ಅಂತ ನಮ್ಮ ಜನ ನಂಬಿದ್ದಾರೆ. ಅಂದರೆ ಹನುಮ ನಮ್ಮ ಊರಿನವನು. ವ್ಯಾಸರಾಯರು ಊರೂರಲ್ಲಿ ನೂರಾರು ಹನುಮನ ಗುಡಿ ನಿಲ್ಲಿಸಿದರು ಅನ್ನುವ ಮಾತು ನಾಡಿನ ತುಂಬ ಇದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಲ್ಲೂ ಅವರ ಹೆಸರೇ ಕೇಳುತ್ತೀರಿ. ರಾಮ ಮೊದಲ ಸಲ ಹನುಮನನ್ನು ಕಂಡಾಗ ಮೆಚ್ಚಿದ್ದು ಅವನ ಬಲವನ್ನಲ್ಲ, ಮಾತನ್ನು. ವಾಲ್ಮೀಕಿ ಇದನ್ನು ಬಿಡಿಸಿ ಹೇಳುತ್ತಾನೆ. ನಮ್ಮ ನಾಗಚಂದ್ರ ಕವಿಯ ಜೈನ ರಾಮಾಯಣದಲ್ಲಿ ವಾನರರು ಕೋತಿಗಳೇ ಅಲ್ಲ. ಬಾವುಟದಲ್ಲಿ ಕೋತಿಯ ಗುರುತು ಇಟ್ಟುಕೊಂಡ ವಿದ್ಯಾಧರರು, ಅಂದರೆ ಮಾಯಾವಿದ್ಯೆ ಬಲ್ಲ ಮನುಷ್ಯರು. ಹೀಗೆ ನಮ್ಮವರೂ ಒಂದೇ ಬಗೆಯಲ್ಲಿ ಯೋಚಿಸಿಲ್ಲ. ಈ ಭಕ್ತಿ ಕೋತಿಯನ್ನು ಎಷ್ಟೋ ಕಾಲ ಕಾಪಾಡಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ತೋಟಕ್ಕೆ ನುಗ್ಗಿದರೂ ಹೊಡೆಯದೆ ಕೈ ಮುಗಿದು "ಹೋಗಪ್ಪ" ಅನ್ನುವ ಅಜ್ಜಿಯರನ್ನು ನಾನೇ ನೋಡಿದ್ದೇನೆ.

ಆದರೆ ಅದೇ ದೇಶದಿಂದ 1950, 60ರ ದಶಕಗಳಲ್ಲಿ ಲಕ್ಷಗಟ್ಟಲೆ ಉತ್ತರದ ಕೆಂಪು ಕೋತಿಗಳು ಬೋನಿನಲ್ಲಿ ವಿಮಾನ ಹತ್ತಿ ವಿದೇಶದ ಪ್ರಯೋಗಾಲಯಗಳಿಗೆ ಹೋದವು. ಪೋಲಿಯೋ ಲಸಿಕೆಯ ವೈರಸ್ಸನ್ನು ಬೆಳೆಸುತ್ತಿದ್ದದ್ದು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ರಕ್ತದ ಗುಂಪು ಹೇಳುವಾಗ ಪಾಸಿಟಿವ್, ನೆಗೆಟಿವ್ ಅನ್ನುತ್ತೇವಲ್ಲ, ಆ ಆರ್‌ಎಚ್ ಅನ್ನುವ ಎರಡಕ್ಷರ ಬಂದದ್ದು ರೀಸಸ್ ಎಂಬ ಅದೇ ಕೋತಿಯ ಹೆಸರಿನಿಂದ, 1940ರ ಸುಮಾರಿನ ಪ್ರಯೋಗಗಳಿಂದ. ಇಲ್ಲಿರುವ ನಮ್ಮೆಲ್ಲರ ಆರೋಗ್ಯದಲ್ಲಿ ಅವುಗಳ ಪಾಲಿದೆ. ಆ ಋಣದ ಬಗ್ಗೆ ನಾವು ಮಾತಾಡುವುದೇ ಇಲ್ಲ.

ಇನ್ನೊಂದು ಹೆಸರಿನ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿ, ಮುಸುವಗಳು ಸಾಲಾಗಿ ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಹೆಸರು ಕೇಳಿದರೆ ಮಂಗವೇ ತಂದದ್ದು ಅನ್ನಿಸುತ್ತದೆ. ಹಾಗಲ್ಲ. ಅದನ್ನು ಹರಡುವುದು ಉಣುಗು. ಮನುಷ್ಯರಿಗೂ ಮಂಗಕ್ಕೂ ಒಂದೇ ಉಣುಗು ಕಚ್ಚುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ ಆ ಜಾಗ ಅಪಾಯದ ಜಾಗವಾಗುತ್ತದೆ. ಮಲೆನಾಡಿನಲ್ಲಿ ಕಾಡಿಗೆ ಸೊಪ್ಪು ತರಲು ಹೋಗುವವರಿಗೆ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕೂಡಲೇ ತಿಳಿಸಿ ಅಂತ ಹೇಳುವುದು ಇದಕ್ಕೇ. ಮೊದಲು ಸಾಯುವುದು ಅದು. ಸತ್ತು ನಮಗೆ ಸುಳಿವು ಕೊಡುವುದೂ ಅದೇ. ಬೈಗುಳವೂ ಅದಕ್ಕೇ.

ಮಲೆನಾಡಿನ ರೈತರ ಕಷ್ಟ ಹೇಳದಿದ್ದರೆ ಅನ್ಯಾಯ. ಬೆಂಗಳೂರಿನಲ್ಲಿ ಕೂತು ಕೋತಿಯ ಪರ ಮಾತಾಡುವುದು ಸುಲಭ. ಎಳೆ ಅಡಿಕೆ ಕಿತ್ತು ಚೀಪಿ ಉಗಿದು, ಏಲಕ್ಕಿ ಮುರಿದು, ಬಾಳೆಗೊನೆ ಹರಿದು ಹೋದರೆ ವರ್ಷದ ದುಡಿಮೆ ಹೋದ ಹಾಗೆ. ಕವಣೆ, ಪಟಾಕಿ, ತಮಟೆ, ಏನು ಮಾಡಿದರೂ ನಾಲ್ಕು ದಿನ. ಐದನೇ ದಿನಕ್ಕೆ ಅದು ಬರೀ ಸದ್ದು ಅಂತ ಕೋತಿಗೆ ಗೊತ್ತಾಗಿರುತ್ತದೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ರೈತರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಓದಿದವರು ನಕ್ಕರು. ನನಗೆ ಆ ಪಟ್ಟೆಗಳಲ್ಲಿ ಕಂಡದ್ದು ಬೇರೆ ದಾರಿಯೇ ಕಾಣದ ಮನುಷ್ಯ. ಎರಡು ವರ್ಷ ಕಳೆದು, 2021ರ ಜುಲೈಯಲ್ಲಿ, ಬೇಲೂರು ತಾಲ್ಲೂಕಿನ ಚೌಡನಹಳ್ಳಿಯ ರಸ್ತೆ ಬದಿಯಲ್ಲಿ ಗೋಣಿಚೀಲಗಳು ಸಿಕ್ಕವು. ಬಿಚ್ಚಿದರೆ 38 ಸತ್ತ ಕೋತಿಗಳು. ಉಸಿರಿದ್ದ ಕೆಲವಕ್ಕೆ ಊರಿನ ಹುಡುಗರೇ ನೀರು ಕುಡಿಸಿದರು. ರಾಜ್ಯದ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಹನುಮ ಹುಟ್ಟಿದ ನಾಡು ಅಂತ ಹೇಳಿಕೊಳ್ಳುವಾಗ ಆ ಗೋಣಿಚೀಲಗಳೂ ನನಗೆ ನೆನಪಾಗುತ್ತವೆ.

ಹಿಡಿದು ಬೇರೆ ಕಡೆ ಬಿಟ್ಟರೆ ಆಗದಾ? ದೆಹಲಿ ಮಾಡಿ ನೋಡಿದೆ. 2007ರಲ್ಲಿ ಅಲ್ಲಿನ ಉಪಮೇಯರ್ ಕೋತಿಗಳ ದಾಳಿಯಿಂದ ಮಹಡಿಯಿಂದ ಬಿದ್ದು ತೀರಿಕೊಂಡರು. ಆಮೇಲೆ ಸಾವಿರಾರು ಕೋತಿಗಳನ್ನು ಹಿಡಿದು ಊರಂಚಿನ ಅಸೋಲಾ ಭಾಟಿ ಅಭಯಾರಣ್ಯಕ್ಕೆ ಬಿಟ್ಟರು. ಆದರೂ 2023ರಲ್ಲಿ ಜಿ-20 ಸಭೆ ಬಂದಾಗ ಕೋತಿಗಳನ್ನು ಹೆದರಿಸಲು ರಸ್ತೆ ಬದಿಯಲ್ಲಿ ಮುಸುವದ ಕಟೌಟ್ ನಿಲ್ಲಿಸಬೇಕಾಯಿತು. ಕೋತಿಗಳಲ್ಲಿ ಹೆಣ್ಣು ಹುಟ್ಟಿದ ಹಿಂಡಿನಲ್ಲೇ ಸಾಯುವ ತನಕ ಇರುತ್ತದೆ. ಅಜ್ಜಿ, ತಾಯಿ, ಮಗಳು, ಚಿಕ್ಕಮ್ಮ, ಇದೇ ಹಿಂಡಿನ ಬೆನ್ನೆಲುಬು. ಗಂಡು ಬೆಳೆದ ಮೇಲೆ ಬೇರೆ ಹಿಂಡಿಗೆ ಹೋಗುತ್ತದೆ. ನಾಲ್ಕನ್ನು ಹಿಡಿದು ನಾಲ್ಕನ್ನು ಬಿಟ್ಟರೆ ಆ ಮನೆತನ ಒಡೆಯುತ್ತದೆ. ಖಾಲಿಯಾದ ಜಾಗಕ್ಕೆ, ಕಸ ಅಲ್ಲೇ ಇದ್ದರೆ, ಬೇರೆ ಹಿಂಡು ಬರುತ್ತದೆ. ಬಿಟ್ಟು ಬಂದ ಕಡೆಯ ಹಳ್ಳಿಯವರಿಗೆ ಫ್ರಿಜ್ ತೆಗೆಯಲು ಕಲಿತ ಕೋತಿಗಳನ್ನು ಕಳಿಸಿಕೊಟ್ಟ ಹಾಗಾಗುತ್ತದೆ. ಅಮ್ಮನ ಕೋತಿ ಯಾವ ಹಳ್ಳಿಯವರ ಬಾಗಿಲು ಬಡಿಯಿತೋ.

ನಿಮಗೆ ಆಶ್ಚರ್ಯ ಆಗಬಹುದು, ನಾವು "ಜಾಸ್ತಿ ಆಗಿವೆ" ಅನ್ನುವ ನಮ್ಮ ಈ ಟೋಪಿ ಕೂದಲಿನ ಕೋತಿ ನಿಜಕ್ಕೂ ಕಡಿಮೆ ಆಗುತ್ತಿದೆ. ಇದು ದಕ್ಷಿಣ ಭಾರತದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಉತ್ತರದಿಂದ ಕೆಂಪು ಕೋತಿ ಇದರ ಜಾಗಕ್ಕೆ ಇಳಿದು ಬರುತ್ತಿದೆ. ಮೈಸೂರಿನ ಸುತ್ತಲಿನ ಎಣಿಕೆಯ ಮೇಲೆ 2017ರಲ್ಲಿ ಒಂದು ಅಧ್ಯಯನ ಬಂತು. 25 ವರ್ಷಗಳಲ್ಲಿ ಅಲ್ಲಿನ ಕೋತಿಗಳು ಶೇ. 65ಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಈಗ ಅದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿ.

ಎಲ್ಲಿ ಹೋದವು? ಈ ಕೋತಿ ಬರೀ ಕಾಡಿನದ್ದಲ್ಲ, ಸಾಲುಮರದ್ದು. ನಮ್ಮ ಹಳೇ ರಸ್ತೆಗಳ ಎರಡೂ ಕಡೆ ಆಲ, ಅರಳಿ, ಬಸರಿ, ಅತ್ತಿ, ಹುಣಸೆ, ನೇರಳೆ ಇರುತ್ತಿದ್ದವು. ಆಲದ ಹಣ್ಣು ಒಂದೇ ಕಾಲಕ್ಕೆ ಎಲ್ಲ ಮರದಲ್ಲೂ ಬರುವುದಿಲ್ಲ. ಇದು ಮುಗಿದರೆ ಅದು, ಅದು ಮುಗಿದರೆ ಇನ್ನೊಂದು. ಒಂದು ಹಿಂಡಿಗೆ ವರ್ಷವಿಡೀ ಊಟ, ರಾತ್ರಿ ಮಲಗಲು ಎತ್ತರದ ಕೊಂಬೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು ಆಲವನ್ನೇ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಇವೇ ಮರಗಳು. ಮರ ಬಿದ್ದ ಮೇಲೆ ಉಳಿದದ್ದು ರಸ್ತೆ, ಕಸ, ನಮ್ಮ ಕಿಟಕಿ. ನಾನು ಬಹಳ ದಿನ ಯೋಚಿಸಿ ಬಂದ ತೀರ್ಮಾನ ಇದು. ಕೋತಿಗೆ ನಾವು ಕೈಯಲ್ಲಿ ಹಿಡಿದು ಕೊಡುವ ಹಣ್ಣು ಅದಕ್ಕೂ ನಮಗೂ ಇಬ್ಬರಿಗೂ ಕೆಟ್ಟದ್ದು. ಮರದಿಂದ ಸಿಗುವ ಹಣ್ಣು ಇಬ್ಬರಿಗೂ ಒಳ್ಳೆಯದು. ಕೊಡುವುದು ತಪ್ಪಲ್ಲ, ಯಾವ ಕೈಯಿಂದ ಕೊಡುತ್ತೇವೆ ಅನ್ನುವುದು ಮುಖ್ಯ.

ಇಷ್ಟು ಹೇಳಿ ಕೂತೆ. ಹಿಂದಿನ ಸಾಲಿನಲ್ಲಿದ್ದ, ಸಾಗರದ ಕಡೆಯವರು ಒಬ್ಬರು ಎದ್ದು ಕೇಳಿದರು. "ಮರ ಬೆಳೆಯೋಕೆ ಇಪ್ಪತ್ತು ವರ್ಷ ಬೇಕು ಸಾರ್. ನಮ್ಮ ಅಡಿಕೆ ಈ ವರ್ಷದ್ದು. ಸಂತಾನಹರಣ ಚಿಕಿತ್ಸೆ ಮಾಡಿದ್ರೆ ಆಗಲ್ವಾ?"

ಅವರ ಪ್ರಶ್ನೆ ನ್ಯಾಯವಾದದ್ದು. ಹಿಮಾಚಲ ಪ್ರದೇಶದಲ್ಲಿ ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಆ ಚಿಕಿತ್ಸೆ ಮಾಡಿದ್ದಾರೆ. ಆದರೂ ಅಲ್ಲಿನ ರೈತರ ದೂರು ನಿಂತಿಲ್ಲ. ಮರಿ ಹಾಕದ ಕೋತಿಗೂ ಹಸಿವು ಇರುತ್ತದೆ. ಬೆಳೆಹಾನಿಗೆ ತಕ್ಕ ಪರಿಹಾರ ತಡವಿಲ್ಲದೆ ರೈತರ ಕೈಸೇರಬೇಕು, ಈ ವರ್ಷಕ್ಕೆ ಅದೇ ಮೊದಲು. ಕೋತಿ ಉಳಿಯಬೇಕು ಅನ್ನುವವರು ನಾವೆಲ್ಲ, ಅದರ ಖರ್ಚನ್ನು ಅಡಿಕೆ ತೋಟದವರ ಮೇಲೆ ಮಾತ್ರ ಹಾಕುವುದು ಸರಿಯಲ್ಲ. ನಾನು ಇಷ್ಟೇ ಹೇಳಿದೆ. ಅವರು ತಲೆಯಾಡಿಸಿ ಕೂತರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು. "ಎಲ್ಲಾ ಸರಿ ಕಣಪ್ಪ. ನಿಮ್ಮಮ್ಮ ಈಗ ಶನಿವಾರ ಏನ್ ಮಾಡ್ತಾರೆ?"

ಅಮ್ಮ ಈಗಲೂ ಎರಡು ಬಾಳೆಹಣ್ಣು ತರುತ್ತಾರೆ. ದೇವರ ಮುಂದೆ ಇಟ್ಟು, ಬಾಲ್ಕನಿಯ ಬಾಗಿಲು ಹಾಕಿ, ಒಂದನ್ನು ತಾವು ತಿನ್ನುತ್ತಾರೆ, ಇನ್ನೊಂದನ್ನು ಪಕ್ಕದ ಮನೆಯ ಹುಡುಗಿಗೆ ಕೊಡುತ್ತಾರೆ. ಅವಳ ಕೈಯ ಗಾಯ ಮಾಗಿದೆ, ಗುರುತು ಉಳಿದಿದೆ. ಹೋದ ವರ್ಷ ಕನ್ಸರ್ವೆನ್ಸಿ ಗಲ್ಲಿಯ ಅತ್ತಿಮರ ಕಡಿಯಲು ಬಂದಾಗ ಅಮ್ಮ ಕೆಳಗಿಳಿದು ಹೋಗಿ, ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೂ ಕೂತಿದ್ದರು. ಮರ ಇದೆ. ಈ ಸಲ ಹಣ್ಣು ಬಿಟ್ಟಾಗ ಹೊಸದೊಂದು ಹಿಂಡು ಬಂದಿತ್ತು. ಅಮ್ಮ ಕಿಟಕಿಯ ಗಾಜಿನ ಹಿಂದೆ ನಿಂತು ನೋಡಿದರು. ಅವು ಈ ಕಡೆ ತಿರುಗಿ ನೋಡಲಿಲ್ಲ.